ಕುರಿಹಟ್ಟಿಯ ಕಡೆ ತಿರುಗಿದ ಲೈಟು

ನಮ್ಮ ಕಡೆಯ ಕರಿ ಎರಿ ಮಣ್ಣು ತೊಯ್ದಾಗ ಬೆಳಕನ್ನು ಕುಡಿದು ಬಿಡುತ್ತದೆ. ಬ್ಯಾಸಗಿಯಲ್ಲಿ ಬೂದಿ ಬಣ್ಣ ಇರುವ ದಾರಿ ಒಂದು ದೊಡ್ಡ ಮಳೆ ಬಿತ್ತೆಂದರೆ ಕಾಡಿಗೆಯಂತಾಗಿ, ಹೆಡ್‌ಲೈಟು ಹತ್ತಿದೆಯೋ ಇಲ್ಲವೋ ಎಂದು ಇಳಿದು ನೋಡಬೇಕಾಗುತ್ತದೆ. ಗಾಲಿ ಹೋದ ಗುಂಡಿ, ದಾರಿಯ ಅಂಚು, ಅಂಚಿನಾಚೆಯ ನೀರು ಹರಿಯುವ ತಗ್ಗು, ಎಲ್ಲ ಒಂದೇ ಕಪ್ಪು.

ನಾನು ದನಕರುಗಳ ಚಿಕಿತ್ಸೆಗೆಂದು ಒಂದು ಟ್ರಸ್ಟಿನವರು ಇಟ್ಟಿರುವ ಗಾಡಿಯ ಡ್ರೈವರ್. ನಾಲ್ಕೂ ಗಾಲಿಗೆ ಗೇರು ಕೂಡುವ ಗಾಡಿ. ಮಳೆಗಾಲದಲ್ಲಿ ನವಲಗುಂದದ ಕಡೆ ಹೊಲದ ದಾರಿಗೆ ಬೇರೆ ಗಾಡಿ ನಡೆಯುವುದಿಲ್ಲ. ಹಿಂದೆ ಔಷಧದ ಪೆಟ್ಟಿಗೆ, ಸಲೈನ್ ಬಾಟಲಿ, ಬಿದ್ದ ಎಮ್ಮೆ ಎಬ್ಬಿಸುವ ಬೆಲ್ಟು. ಪಕ್ಕದಲ್ಲಿ ನಮ್ಮ ಡಾಕ್ಟರಮ್ಮ, ಬಾಯಾರು ಅನ್ನುತ್ತೇವೆ, ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವರು, ನನ್ನನ್ನು ಕಾಕಾ ಅನ್ನುತ್ತಾರೆ.

ಒಂದು ಮಳೆಗಾಲದಲ್ಲಿ ತಿರ್ಲಾಪುರದ ಹಿಂದಿನ ದಾರಿಯಲ್ಲಿ ಒಂದು ರಾತ್ರಿ ಅಂಚು ಕಾಣದೆ ನಮ್ಮ ಎಡಗಾಲಿ ತಗ್ಗಿಗೆ ಇಳಿಯಿತು. ನಾಲ್ಕು ಗಾಲಿ ಎಳೆದರೂ ಹೊಟ್ಟೆ ನೆಲಕ್ಕೆ ಹತ್ತಿದ ಗಾಡಿ ಮೇಲೇಳುತ್ತದೆಯೇ. ಟ್ರ್ಯಾಕ್ಟರ್ ತರಿಸಿ ಎಳೆಸಿಕೊಂಡು ಹೋಗಿ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿ ಕರು ಸಿಕ್ಕಿಕೊಂಡಿದ್ದ ಎಮ್ಮೆ ಸತ್ತಿತ್ತು. ಬಾಯಾರು ಏನೂ ಕೆಲಸ ಮಾಡದ ಕೈಯನ್ನು ಸುಮ್ಮನೆ ತೊಳೆದುಕೊಂಡರು. ತಿರುಗಿ ಬರುವಾಗ ಅಂದರು, "ಕಾಕಾ, ಗಾಡಿಗೆ ಜೋರ್ ಐತಿ, ಕಣ್ಣಿಲ್ಲ. ಲೈಟಿಂದು ನೀವ ನೋಡ್ರಿ. ಟ್ರಸ್ಟಿನವರಿಗೆ ನಾ ಹೇಳ್ತೀನಿ."

ಲೈಟು ಆಯ್ಕೆ ಮಾಡುವ ಕೆಲಸವನ್ನು ನಾನು ಮಗಳಿಗೆ ವರ ನೋಡಿದಂತೆ ಮಾಡಿದೆ. ಹುಬ್ಬಳ್ಳಿಯ ಅಂಗಡಿಯವನ ಪರಿಚಯ ಹಳೆಯದು. ಒಪ್ಪದಿದ್ದರೆ ತಿರುಗಿ ಕೊಡುತ್ತೇನೆಂದು ಮೂರು ನಮೂನೆ ತಂದೆ: ಮೊದಲನೆಯದು ಹಳೆಯ ಹ್ಯಾಲೋಜನ್ನಿನ ಹಳದಿ ಜೋಡಿ. ಎರಡನೆಯದು ದೂರ ಹೊಡೆಯುವ ಗುಂಡನೆಯ ಎಲ್‌ಇಡಿ ಜೋಡಿ. ಮೂರನೆಯದು ಮೇಲೆ ಛಾವಣಿಗೆ ಕೂರಿಸುವ ಉದ್ದನೆಯ ಎಲ್‌ಇಡಿ ಪಟ್ಟಿ. ಕಾಲುವೆಯ ಬಾಜೂ ಯಾರೂ ಓಡಾಡದ ದಾರಿಯಲ್ಲಿ ಹೊತ್ತು ಮುಳುಗಿದ ಮೇಲೆ ಪರೀಕ್ಷೆ. ಸುಣ್ಣ ಬಳಿದ ಕಲ್ಲು ಒಂದು ಕಡೆ, ಹೊಟ್ಟು ತುಂಬಿದ ಚೀಲ ಒಂದು ಕಡೆ, ಕಪ್ಪು ಎಮ್ಮೆ ದಾರಿಯಲ್ಲಿ ಮಲಗಿದ್ದರೆ ಹೇಗೆ ಕಾಣುತ್ತದೆಂದು ಮನೆಯಾಕೆಯ ಹಳೆಯ ಕೊಡೆ ಬಿಚ್ಚಿ ಮಗ್ಗುಲಾಗಿ ಇಟ್ಟೆ. ಒಂದೊಂದು ಲೈಟು ಕಟ್ಟುವುದು, ಹತ್ತಿ ಕೂರುವುದು, ನೋಡುವುದು, ಇಳಿಯುವುದು, ಬಿಚ್ಚುವುದು. ಬ್ಯಾಟರಿ ಇಳಿಯಬಾರದೆಂದು ಎಂಜಿನ್ ಚಾಲೂ ಇಟ್ಟೇ ನೋಡಿದೆ.

ಗುಂಡನೆಯ ಜೋಡಿ ದೂರದ ಕಲ್ಲು ತೋರಿಸಿತು, ಬದಿಯ ಚೀಲ ತೋರಿಸಲಿಲ್ಲ. ಹಳದಿ ಜೋಡಿಯನ್ನು ಬಂಪರಿನ ಕೆಳಗೆ ಕಟ್ಟಿದ್ದೆ. ಅದರ ಬೆಳಕು ಸಮೀಪವೇ ಬಿದ್ದು ನೆಲದ ಗುಂಡಿಗಳ ನೆರಳನ್ನು ಉದ್ದಕ್ಕೆ ಎಳೆದು ತೋರಿಸುತ್ತಿತ್ತು. ಆದರೆ ದೂರ ಇಲ್ಲ, ಕಣ್ಣು ತುಂಬುವುದಿಲ್ಲ. ಆಮೇಲೆ ಛಾವಣಿಯ ಪಟ್ಟಿ ಹತ್ತಿಸಿದೆ ನೋಡಿ. ದಾರಿಯ ಎರಡೂ ಅಂಚು, ಅದರಾಚೆ ಹೊಲ, ಹೊಲದಾಚೆ ಜಾಲಿ, ಜಾಲಿಯ ಮುಳ್ಳು. ಕೊಡೆಯ ಕಡ್ಡಿ ಎಣಿಸಬಹುದಿತ್ತು. ಮೇಲಿಂದ ಬೀಳುವ ಬೆಳಕಾದ್ದರಿಂದ ಗುಂಡಿಗೆ ನೆರಳಿಲ್ಲದೆ ನೆಲವೆಲ್ಲ ಸಪಾಟಾಗಿ ಕಾಣುತ್ತದೆ ಅನ್ನುವುದು ಅಂದೇ ನನ್ನ ಗಮನಕ್ಕೆ ಬಂದಿತ್ತು. ಬಂದರೂ ಅದನ್ನು ಬದಿಗಿಟ್ಟೆ. ಇಷ್ಟು ಬೆಳಕು ಕೈಯಲ್ಲಿ ಬಂದ ಮೇಲೆ ಗುಂಡಿಯ ನೆರಳಿನ ಮಾತು ಯಾರು ಆಡುತ್ತಾರೆ.

ದಪ್ಪ ವಾಯರ್ ಎಳೆದು, ರಿಲೇ ಕೂರಿಸಿ, ಅದಕ್ಕೇ ಬೇರೆ ಫ್ಯೂಜು, ಬೇರೆ ಸ್ವಿಚ್ಚು ಕೊಟ್ಟೆ. ಬೆಳಕು ಬಾನೆಟ್ಟಿಗೆ ಬಡಿದು ಕಣ್ಣಿಗೆ ಹೊಡೆಯದಂತೆ ಬಾನೆಟ್ಟಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದೆ. ಡಾಂಬರು ರಸ್ತೆಯಲ್ಲಿ ಹೋಗುವಾಗ ಪಟ್ಟಿಗೆ ಮುಚ್ಚಳ ಹಾಕುವುದು, ಹೊಲದ ದಾರಿಗೆ ತಿರುಗಿದಾಗ ತೆಗೆಯುವುದು ಎಂದು ನಿಯಮ ಮಾಡಿಕೊಂಡೆ. ಎದುರಿನ ಗಾಡಿಯವರಿಗೆ ತ್ರಾಸಾಗಬಾರದಲ್ಲ. ಎದುರಿನವರು ಅಂದರೆ ಗಾಡಿಯವರು ಎಂದೇ ನನ್ನ ತಲೆಯಲ್ಲಿತ್ತು.

ಮನೆಯಾಕೆ ಅಂಗಳಕ್ಕೆ ಬಂದು ನೋಡಿ, "ಏನ್ರಿ ಇದು, ಮದುವಿ ಮೆರವಣಿಗಿಗೆ ಬಾಡಗಿ ಕೊಡ್ತೀರೇನು?" ಅಂದಳು. ಚಹಾದಂಗಡಿಯಲ್ಲಿ ಕೂತವರು, "ಬಂತಪಾ, ನವಲಗುಂದಕ್ಕ ಇನ್ನೊಂದು ಹೊತ್ತು ಹುಟ್ಟಿಬಂತು, ಎಲ್ಲಾರೂ ಏಳ್ರಿ, ರೊಟ್ಟಿ ಬಡೀರಿ" ಎಂದು ನಕ್ಕರು. ನಾನೂ ನಕ್ಕೆ. ಒಳಗೊಳಗೆ ಸೊಕ್ಕು ಬಂದಿತ್ತು.

ಆ ಲೈಟಿನಿಂದ ಉಪಕಾರ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಿತ್ತಲಲ್ಲಿ ಬಿದ್ದ ಎಮ್ಮೆ, ಕೊಟ್ಟಿಗೆಯ ಮುಂದೆ ಕರು ಹಾಕಲಾಗದ ಆಕಳು, ಎಲ್ಲಿ ಹೋದರೂ ಗಾಡಿಯ ಮೂತಿಯನ್ನು ಅದರ ಕಡೆ ತಿರುಗಿಸಿ ಪಟ್ಟಿ ಹತ್ತಿಸುತ್ತಿದ್ದೆ. ಬಾಯಾರು, "ಕಾಕಾ, ಆಪರೇಶನ್ ಥಿಯೇಟರ್ ಮಾಡಿಬಿಟ್ರಿ" ಅಂದಿದ್ದರು. ಆ ಮಾತು ನನಗೆ ಹಬ್ಬದೂಟದಂತೆ ಇತ್ತು. ಹೋದಲ್ಲೆಲ್ಲ ಮೊದಲು ಸ್ವಿಚ್ಚಿಗೇ ಕೈ ಹೋಗುವ ರೂಢಿ ಬಿತ್ತು.

ಕಡಲೆ ಕಿತ್ತು ಹೊಲ ಬಿಡುವಾದಾಗ ಕುರಿಗಾರರು ಬರುತ್ತಾರೆ. ಹೊಲದವರು ಕರೆದು ರಾತ್ರಿ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ ಬಿದ್ದ ಹೊಲ ಮುಂದಿನ ಬೆಳೆಗೆ ಬೇರೆಯೇ ತೆರನಾಗಿ ಏಳುತ್ತದೆ. ಗೂಟ ನೆಟ್ಟು ಸುತ್ತ ಬಲೆ ಕಟ್ಟಿ ಅದರೊಳಗೆ ಕುರಿ ಕೂಡಿಸುವುದು, ಅದೇ ಹಟ್ಟಿ. ಅದರ ಆಚೆ ಬದಿಗೆ ಸಣ್ಣ ಬಲೆಯ ಗೂಡಿನಲ್ಲಿ ಮರಿಗಳು.

ಅಂಥ ಒಂದು ಹಟ್ಟಿಯಿಂದ ಕರೆ ಬಂತು. ಕುರಿ ಸಂಜೆಯಿಂದ ತಿಣುಕುತ್ತಿದೆ, ಮರಿಯ ಕಾಲು ಮಡಚಿಕೊಂಡಿದೆ. ಕುರಿಗಾರ ಕಾಲುವೆ ದಾರಿಗೆ ಬಂದು ನಿಂತಿದ್ದ, ಹತ್ತಿ ಕೂತು ದಾರಿ ತೋರಿಸಿದ. ಹೊಲದ ಅಂಚಿಗೆ ಬಂದಾಗ ಅಂದ, "ಇಲ್ಲೇ ಬಿಡ್ರಿ ಸಾಹೇಬ್ರ, ನಡಕೊಂತ ಹೋಗೂಣು."

ಬಾಯಾರು ಅಷ್ಟರಲ್ಲಿ ಇಳಿದು ಚೀಲ ಹಿಡಿದು ಮುಂದೆ ಹೋಗಿದ್ದರು.

"ಬಾಯಾರಿಗೆ ಬೆಳಕು ಬೇಕಲ್ಲಪಾ" ಅಂದೆ.

"ಬ್ಯಾಟರಿ ಐತ್ರಿ ನನ್ನ ಹಂತೇಕ."

"ನಿನ್ನ ಬ್ಯಾಟರಿ ಇಟ್ಕೋ. ಇದ ನೋಡೀಯೇನು?" ಎಂದು ನಗುತ್ತ ಗಾಡಿಯ ಮೂತಿ ತಿರುಗಿಸಿ ಸ್ವಿಚ್ಚು ಒತ್ತಿದೆ.

ಒಂದು ಗಳಿಗೆ ಹಟ್ಟಿಯೆಲ್ಲ ಬೆಳ್ಳಗಾಗಿ, ಎಲ್ಲ ಕುರಿಗಳ ತಲೆ ಮೇಲೆದ್ದು, ಕಣ್ಣುಗಳೆಲ್ಲ ಹಸಿರಾಗಿ ಹೊಳೆದವು. ಚೆಂದ ಕಂಡಿತು ಅಂತಲೇ ಅನಿಸಿತು. ಆಮೇಲೆ ಹಾಸಿದ ಅರಿವೆಯನ್ನು ಯಾರೋ ಆಚೆ ತುದಿಯಿಂದ ಜಗ್ಗಿದಂತೆ ಇಡೀ ಹಿಂಡು ಬೆಳಕಿನಿಂದ ದೂರ, ಆಚೆ ಬದಿಗೆ ಹೋಯಿತು. ಗೂಟ ಮುರಿದ ಸಪ್ಪಳ. ಒಂದರ ಮೇಲೊಂದು ಏರಿದವು. ಬಲೆ ಬಿತ್ತು. ಆ ಬದಿಗೇ ಮರಿಗಳ ಗೂಡು.

ಗಾಬರಿಯಾಗಿ ಆರಿಸಿಬಿಟ್ಟೆ. ಅದು ಎರಡನೇ ತಪ್ಪು. ಅಷ್ಟು ಬೆಳಕು ಕಂಡ ಕಣ್ಣಿಗೆ ಆ ಕತ್ತಲೆಯಲ್ಲಿ ಯಾರಿಗೂ ಏನೂ ಕಾಣದಾಯಿತು. ಮರಿಗಳ ಗೂಡಿನತ್ತ ಓಡುತ್ತಿದ್ದ ಕುರಿಗಾರನ ಹೆಂಡತಿ ಯಾವುದಕ್ಕೋ ಎಡವಿ ಬಿದ್ದದ್ದು ಕೇಳಿಸಿತು. "ಮರಿ, ಮರಿ" ಅನ್ನುತ್ತಿದ್ದಳು. ನಾನು ಸ್ಟೇರಿಂಗ್ ಹಿಡಿದೇ ಕೂತಿದ್ದೆ. ಹತ್ತಿಸಲೋ ಬೇಡವೋ ತಿಳಿಯಲಿಲ್ಲ.

ಬಾಯಾರು ಆ ಕುರಿಯ ಮರಿಯನ್ನು ಹೊರಗೆ ತೆಗೆದದ್ದು ಕುರಿಗಾರನ ಬ್ಯಾಟರಿ ಬೆಳಕಿನಲ್ಲೇ. ಅದು ಬದುಕಿತು. ಗೂಡಿನಲ್ಲಿದ್ದ ನಾಲ್ಕು ಮರಿ ಬದುಕಲಿಲ್ಲ. ಬಾಯಾರು ಒಂದೊಂದರ ಎದೆ ತಿಕ್ಕಿ, ಮೂಗಿಗೆ ಊದಿ ನೋಡಿದರು. ಕುರಿಗಾರನ ಹೆಂಡತಿ ಅವನ್ನು ಎತ್ತಿ ಸಾಲಾಗಿ ಮಲಗಿಸಿದಳು, ಮಲಗಿಸಿ ಕಿವಿ ಸರಿಮಾಡಿದಳು.

ಕುರಿಗಾರ ನನ್ನ ಮುಖ ನೋಡಿ ಅಂದ, "ಆಗಿದ್ದಾತು ಬಿಡ್ರಿ. ನೀವೇನ ಬೇಕಂತ ಮಾಡೀರೇನು. ಲೈಟು ಹತ್ತಿತು, ಬೆದರಿದುವು."

ಆಕೆ ತಲೆ ಎತ್ತಲಿಲ್ಲ. "ಲೈಟು ತಾನ ಹತ್ತಿತೇನು?" ಅಂದಳು.

ಇಷ್ಟು ವರ್ಷದಲ್ಲಿ ಅಧಿಕಾರಿಗಳಿಂದ, ಪೊಲೀಸರಿಂದ, ಕುಡಿದವರಿಂದ ಬೈಸಿಕೊಂಡಿದ್ದೇನೆ. ಅವೆಲ್ಲ ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಹೋಗುತ್ತಿದ್ದವು. ಇದು ಹೋಗಲಿಲ್ಲ. ಆಕೆ ಬೈದಿರಲಿಲ್ಲ, ಕೇಳಿದ್ದಳು. ಹೊರಡುವ ಮುಂದೆ ಬಾಯಾರಿಗೆ ಚಹಾ ಕೊಟ್ಟಳು, ನನಗೂ ಕೊಟ್ಟಳು. ಮರುದಿನ ತುಳಿತಕ್ಕೆ ಸಿಕ್ಕ ಕುರಿಗಳನ್ನು ನೋಡಲು ಹೋದಾಗ ನಾನು ಗಾಡಿಯಿಂದ ಕೆಳಗಿಳಿಯಲಿಲ್ಲ. ಟಾಯರಿನ ಗಾಳಿ ನೋಡುವ ಕೆಲಸ ಹಚ್ಚಿಕೊಂಡೆ. ಗಾಳಿ ಸರಿಯಾಗೇ ಇತ್ತು.

ಕುರಿಗಾರರು ಬೇರೆ ಬೇರೆ ಊರಿನ ಹೊಲದಲ್ಲಿದ್ದರೂ ಸುದ್ದಿ ಅವರಲ್ಲಿ ಬಹಳ ಬೇಗ ಹರಿಯುತ್ತದೆ. ಕೆಲವರು ಕರೆಯುತ್ತಿದ್ದರು, ಆದರೆ ಹೇಳುತ್ತಿದ್ದರು: "ಗಾಡಿ ರೋಡಿಗೇ ಇರಲಿ, ಬಾಯಾರನ್ನ ನಾವು ಕರಕೊಂಡ ಹೋಗ್ತೀವಿ." ಮೋಟಾರು ಸೈಕಲ್ ಬರುತ್ತಿತ್ತು. ಬಾಯಾರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತು ಹೋಗುತ್ತಿದ್ದರು. ನಾನು ಡಾಂಬರಿನ ಮೇಲೆ, ಔಷಧ ತುಂಬಿದ ಗಾಡಿಯೊಳಗೆ, ಲೈಟು ಆರಿಸಿ ಕೂರುತ್ತಿದ್ದೆ. ಒಮ್ಮೆ ಬೇಕಾದ ಸಲೈನ್ ಗಾಡಿಯಲ್ಲೇ ಉಳಿದು, ಸೈಕಲ್ಲಿನವನು ತಿರುಗಿ ಬಂದು ಒಯ್ಯುವಷ್ಟರಲ್ಲಿ ಕುರಿ ಕಾಲು ಚಾಚಿತ್ತು.

ಇನ್ನೊಮ್ಮೆ ಅಣ್ಣಿಗೇರಿ ಸ್ಟೇಶನ್ ಕಡೆಯ ಚಹಾದಂಗಡಿಯಲ್ಲಿ ಒಬ್ಬ ಮುದುಕ ಕುರಿಗಾರ ನನ್ನ ಬೆಂಚಿನಲ್ಲೇ ಕೂತು ಅಂಗಡಿಯವನ ಜೊತೆ ಮಾತಾಡುತ್ತಿದ್ದ. ಅವನ ಎರಡು ಕುರಿ ಮರಿ ಹಾಕಲಾಗದೆ ಸತ್ತಿದ್ದವು.

"ದನದ ಡಾಕ್ಟರನ್ನ ಕರೀಬೇಕಿತ್ತಲ್ಲೋ ಅಜ್ಜಾ?" ಅಂದ ಅಂಗಡಿಯವ.

"ಕರದಿದ್ರ ಆ ಗಾಡಿ ಬರ್ತಿತ್ತಲ್ಲೋ. ಎರಡ ಹೋದುವು. ಆ ಗಾಡಿ ಬಂದಿದ್ರ ಹಟ್ಟೀನ ಹೋಗ್ತಿತ್ತು."

"ಹಂಗೇನ ಮಾಡ್ತಾನಂತ ಆ ಡ್ರೈವರ?"

"ಮಬ್ಬ ಇರಬೇಕು ತಗೀ. ಕುರಿ ಕಣ್ಣಿನ ಎದುರಿಗೆ ಹೊತ್ತು ಹಿಡೀತಾನಂತ."

ಅವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಚಹಾ ಕುಡಿದೆ, ಲೋಟ ತೊಳೆಯುವ ಕಡೆ ಇಟ್ಟೆ, ಗಾಡಿಯನ್ನು ಅವನ ಕಣ್ಣಿಗೆ ಬೀಳದಂತೆ ಹಿಂದಿನ ಓಣಿಯಿಂದ ತಂದೆ. ಅರವತ್ತರ ಹತ್ತಿರ ಬಂದ ಮನುಷ್ಯ ಹೀಗೆ ಅಡಗಿ ಅಡಗಿ ಹೋಗುವುದು ನೆನಸಿದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾಯಾರಿಗೆ ಅಂದೇ ಹೇಳಿದೆ. ಅವರು, "ಲೈಟು ತಗದ ಬಿಡೂಣು ಕಾಕಾ" ಅಂದರು. ಸುಮ್ಮನೆ ತೆಗೆದರೆ ಮತ್ತೆ ಮಳೆ ಬರುತ್ತದೆ, ಮತ್ತೆ ಗಾಲಿ ತಗ್ಗಿಗೆ ಇಳಿಯುತ್ತದೆ, ಮತ್ತೊಂದು ಎಮ್ಮೆ. ಬೆಳಕು ಬೇಕೇ ಬೇಕು. ಆ ರಾತ್ರಿ ನಿದ್ದೆ ಬಾರದೆ ನನ್ನ ಪರೀಕ್ಷೆಯನ್ನು ಮೊದಲಿನಿಂದ ನೆನೆಸಿಕೊಂಡೆ. ಕಲ್ಲು, ಚೀಲ, ಕೊಡೆ. ಮೂರಕ್ಕೂ ಕಣ್ಣಿಲ್ಲ. ಮೂರು ನಮೂನೆ ಲೈಟನ್ನೂ ನಾನು ಸೀಟಿನಲ್ಲಿ ಕೂತೇ ನೋಡಿದ್ದೆ. ಒಂದು ಸಲವೂ ಕಲ್ಲಿನ ಜಾಗದಲ್ಲಿ ನಿಂತು ಗಾಡಿಯ ಕಡೆ ನೋಡಿರಲಿಲ್ಲ. ಹೊಸದಾಗಿ ಆಯ್ಕೆ ಮಾಡಬೇಕು, ಆಚೆ ಕಡೆಯಿಂದ ನೋಡಿ ಆಯ್ಕೆ ಮಾಡಬೇಕು ಎಂದು ತೀರ್ಮಾನಿಸಿದೆ. ಅದಕ್ಕೆ ಒಂದು ಹಟ್ಟಿ ಬೇಕು. ಯಾರನ್ನು ಕೇಳಬೇಕೆಂಬುದೂ ಗೊತ್ತಿತ್ತು. ಅದೇ ಕಷ್ಟದ ಮಾತು.

ನಾಲ್ಕು ಮರಿ ಕಳೆದುಕೊಂಡ ಆ ಗಂಡಹೆಂಡತಿ ಆಗ ಅಣ್ಣಿಗೇರಿಯಾಚೆ ಒಂದು ಹೊಲದಲ್ಲಿದ್ದರು. ಬಸ್ಸಿಗೆ ಹೋಗಿ, ಇಳಿದು ನಡೆದೆ. ಆಕೆ ನೆರಳಲ್ಲಿ ಕೂತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಈ ಸಲ ಏನ ತಂದೀಯಣ್ಣ?"

"ಏನೂ ತಂದಿಲ್ಲವ್ವ. ಬಸ್ಸಿಗೆ ಬಂದೀನಿ."

ಬಂದ ಕೆಲಸ ಹೇಳಿದೆ. ಬೇರೆ ಲೈಟು ಹಾಕುತ್ತೇನೆ, ಕುರಿ ಬೆದರುತ್ತವೋ ಇಲ್ಲವೋ ನೋಡಬೇಕು, ನಾನು ಕುರಿಗಳ ನಡುವೆ ಕೂರುತ್ತೇನೆ, ಬಾಯಾರು ಗಾಡಿ ತರುತ್ತಾರೆ, ನೀನು ಬೇಡ ಅಂದ ಗಳಿಗೆಗೆ ನಿಲ್ಲುತ್ತದೆ. ಹೇಳಬೇಕೆಂದುಕೊಂಡಿದ್ದ ತಪ್ಪಾಯಿತು ಅನ್ನುವ ಮಾತು ಇದರ ನಡುವೆ ಎಲ್ಲೋ ಬಂತು, ಸರಿಯಾಗಿ ಬರಲಿಲ್ಲ.

"ನಮ್ಮ ಕುರಿ ಮ್ಯಾಲ ಪಾಸ್ ಫೇಲ್ ನೋಡಾಕ ಬಂದಿ" ಅಂದಳು.

ಕುರಿಗಾರ ನಡುವೆ ಬಂದ: "ಹೋಗಲಿ ಬಿಡಬೇ, ಮನಿಶ್ಯಾ ಇಷ್ಟ ದೂರ ಬಂದಾನ."

"ನೀ ಸುಮ್ಕಿರು. ಅಂದೂ ಇದನ್ನ ಅಂದಿ, ಬಿಡು ಅಂತ." ಆಮೇಲೆ ನನ್ನ ಕಡೆ ತಿರುಗಿ, "ಕುರಿ ಮಾತು ಆಮ್ಯಾಲ. ಆ ಪಟ್ಟಿ ಲೈಟು ಐತೆಲ್ಲ, ಅದನ್ನ ಮೊದಲ ನಿನ್ನ ಮ್ಯಾಲ ಹಚ್ಚಿಸ್ಕೋ. ಕುರಿ ಎತ್ತರಕ್ಕ ಕುಂತು. ನಾ ನೋಡ್ಬೇಕು."

ಒಪ್ಪಿದೆ. ಮರುದಿನ ಕತ್ತಲಾದ ಮೇಲೆ ಹಟ್ಟಿಯಿಂದ ದೂರ, ಕುರಿಗಳಿಗೆ ಕಾಣದಂತೆ ಮಣ್ಣಿನ ಏರಿಯ ಆಚೆಯ ಖಾಲಿ ಹೊಲದಲ್ಲಿ ನೆಲಕ್ಕೆ ಮೊಣಕಾಲು ಊರಿ ಕೂತೆ. ಆಕೆ ಬದಿಗೆ ನಿಂತಿದ್ದಳು. ನನಗೆ ಎಲ್ಲ ಗೊತ್ತಿತ್ತು: ಲೈಟು ನನ್ನದು, ಹತ್ತುತ್ತದೆಂದು ಗೊತ್ತು, ಹತ್ತಿಸುವವರು ಬಾಯಾರು. ಹತ್ತಿತು. ಕತ್ತಲೆಯೂ ಇಲ್ಲ, ಹೊಲವೂ ಇಲ್ಲ, ಬರೀ ಬಿಳುಪು. ಅದರ ಹಿಂದೆ ಎಂಜಿನ್ನಿನ ಗುರುಗುರು ಮಾತ್ರ. ಅದು ನನ್ನ ಗಾಡಿಯ ಸಪ್ಪಳ ಅನ್ನುವುದೇ ಮರೆತುಹೋಯಿತು. ನಾನು ಎದ್ದಿದ್ದೆ. ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಹಿಂದೆ ಹಿಂದೆ ಸರಿದು, ಹಿಮ್ಮಡಿಗೆ ಮಣ್ಣಿನ ಹೆಂಟೆ ಸಿಕ್ಕಿ ಅಂಗಾತ ಬಿದ್ದೆ. ಕುರಿಗಾರ ನಕ್ಕುಬಿಟ್ಟ. ಆಕೆ ನಗಲಿಲ್ಲ.

"ನಿನ್ನ ಬೆನ್ನ ಹಿಂದ ಮರಿ ಇದ್ದಿಲ್ಲ, ಪುಣ್ಯಾ" ಅಂದಳು.

ಅಲ್ಲೇ ಸ್ಪ್ಯಾನರ್ ತೆಗೆದುಕೊಂಡು ಛಾವಣಿಯ ಪಟ್ಟಿ ಬಿಚ್ಚಿದೆ.

ಹುಬ್ಬಳ್ಳಿಯ ಅಂಗಡಿಯವನಿಂದ ಹಳದಿ ಜೋಡಿಯನ್ನೇ ಮತ್ತೆ ತಂದೆ. ಕೂರಿಸುವುದಕ್ಕೆ ಹಲವು ಸಂಜೆ ಹಿಡಿಯಿತು. ಬಂಪರಿನ ಕೆಳಗೆ, ಕಲ್ಲು ಬಡಿಯದಷ್ಟು ಒಳಗೆ. ಎಣ್ಣೆಯ ಡಬ್ಬಿಯ ತಗಡು ಕತ್ತರಿಸಿ ಎರಡಕ್ಕೂ ಮೇಲೆ ಹುಬ್ಬಿನಂತೆ ಮರೆ ಮಾಡಿದೆ. ಬೆಳಕು ನೆಲ ಬಿಟ್ಟು ಮೊಣಕಾಲಿನ ಮೇಲೆ ಏರಬಾರದು. ಎಡದ ಲೈಟನ್ನು ಸ್ವಲ್ಪ ಹೊರಕ್ಕೆ ತಿರುವಿ ದಾರಿಯ ಅಂಚು ಹಿಡಿಯುವಂತೆ ಮಾಡಿದೆ. ಗುಂಡಿಗಳ ನೆರಳು ಉದ್ದವಾಗಿ ಬಿದ್ದು ನೆಲ ತಾನಾಗಿ ತನ್ನ ಏರುತಗ್ಗು ಹೇಳತೊಡಗಿತು. ಮೊದಲ ಪರೀಕ್ಷೆಯಲ್ಲೇ ಇದನ್ನು ನೋಡಿದ್ದೆ, ಕಣ್ಣು ತುಂಬುವುದಿಲ್ಲ ಅಂದಿದ್ದೆ. ಬಾಯಾರ ಕೆಲಸಕ್ಕೆಂದು ಉದ್ದ ವಾಯರಿನ ಸಣ್ಣ ದೀಪವೊಂದನ್ನು ಮಾಡಿ, ಗಾಡಿಯನ್ನು ಹೊರಗೆ ನಿಲ್ಲಿಸಿ ಅದನ್ನಷ್ಟೇ ಕೈಯಲ್ಲಿ ಒಯ್ಯುವಂತೆ ಇಟ್ಟೆ.

ಹಟ್ಟಿಯ ಪರೀಕ್ಷೆ ಆಕೆಯ ಹುಕುಮಿನಂತೆ ನಡೆಯಿತು. ಮರಿಗಳನ್ನು ಬೇರೆ ಹೊಲಕ್ಕೆ ಒಯ್ದಿದ್ದಳು. ಆಚೆ ಬದಿಯ ಬಲೆ ಬಿಚ್ಚಿಟ್ಟಿದ್ದಳು, ಓಡಿದರೆ ಓಡಲಿ ಎಂದು. ಫೋನು ಕಿವಿಗೆ ಹಿಡಿದು ಬಾಯಾರಿಗೆ ಹೇಳುತ್ತಿದ್ದಳು, "ಬರ್ರಿ. ಇನ್ನಷ್ಟು. ನಿಲ್ರಿ." ನಾನು ಕುರಿಗಳ ನಡುವೆ, ಅವುಗಳ ಬೆಚ್ಚನೆಯ ಉಸಿರು ಮೊಣಕಾಲಿಗೆ ತಾಗುವಂತೆ ಕೂತಿದ್ದೆ. ಹಳದಿ ಬೆಳಕು ನೆಲ ಹಿಡಿದು ಬಂತು. ಹತ್ತಿರದ ಕುರಿ ಮೆಲುಕು ನಿಲ್ಲಿಸಿತು. ಅದು ಕಿವಿ ಮುಂದೆ ಮಾಡಿ ನೋಡಿ, ಮತ್ತೆ ಮೆಲುಕು ಹಚ್ಚಿತು. ಆಕೆ ಗಾಡಿಯನ್ನು ಮೂರು ದಿಕ್ಕಿನಿಂದ ತರಿಸಿದಳು. ಗಾಡಿ ಏರಿ ಹತ್ತಿ ಇಳಿಯುವಾಗ ಬೆಳಕು ಒಮ್ಮೆ ಕಣ್ಣಿಗೆ ಬಡಿದು ಕೆಲವು ಕುರಿ ಎದ್ದು ನಿಂತವು. ತಗಡಿನ ಮರೆಯನ್ನು ಇನ್ನಷ್ಟು ಇಳಿಸಿದೆ. ಕೊನೆಗೆ, "ಇರ್ಲಿ" ಅಂದಳು. ಅಷ್ಟೇ ಅಂದಳು.

ಅದಾದ ಮೇಲೂ ಬಹಳ ದಿನ ಮೋಟಾರು ಸೈಕಲ್ಲುಗಳೇ ಬಂದವು. ನಾನು ಡಾಂಬರಿನ ಮೇಲೆಯೇ ಕೂತೆ. ಲೈಟು ಬದಲಾಗಿದೆ ಎಂದು ಹೇಳಿಕೊಂಡು ತಿರುಗಲು ನಾಚಿಕೆಯಾಗುತ್ತಿತ್ತು.

ಮುಂಗಾರು ಮೊದಲಾಗಿ ಎರಿ ಕಪ್ಪಾದ ಮೇಲೆ ಒಂದು ಸಂಜೆ ಬಾಯಾರ ಫೋನಿಗೆ ಆ ಕುರಿಗಾರನ ಹೆಂಡತಿಯದೇ ಕರೆ. ಎರಡು ಕುರಿ ಒಟ್ಟಿಗೆ ತಿಣುಕುತ್ತಿವೆ, ಸೈಕಲ್ಲು ಕೆಸರಿನಲ್ಲಿ ನಡೆಯುವುದಿಲ್ಲ. "ಗಾಡಿ ತೊಗೊಂಡ ಬರ್ರಿ" ಅಂದಳಂತೆ.

ದಾರಿ ಹಳದಿ ಬೆಳಕಿನಲ್ಲಿ ಅಂಚು ಸಮೇತ ಕಂಡಿತು. ಹೊಲಕ್ಕೆ ತಿರುಗುವಲ್ಲಿ ಆಕೆ ಮಳೆಯಲ್ಲಿ ನಿಂತಿದ್ದಳು. ಕೈ ಅಡ್ಡ ಹಿಡಿದಳು, ನಿಲ್ಲಿಸಿದೆ. ನಡೆದು ಬರ್ರಿ ಅನ್ನುತ್ತಾಳೆಂದು ನಾನು ಕೈದೀಪಕ್ಕೆ ಕೈ ಹಾಕಿದೆ. ಆಕೆ ಹಾಗೆ ಅನ್ನಲಿಲ್ಲ. ಗಾಡಿಯ ಮುಂದೆ ಬಂದು, ನನಗೆ ಬೆನ್ನು ಮಾಡಿ, ಹೊದ್ದ ಕಂಬಳಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಳು. ಬೆಳಕಿಗೂ ಹಟ್ಟಿಗೂ ನಡುವೆ ಒಂದು ಕರಿ ಗೋಡೆ.

"ಹೋಗೂಣು, ಸಾವಕಾಶ" ಅಂದಳು.

"ಕಾಕಾ, ಇಳದು ಹೇಳೂಣೇನು, ಇದು ಆ ಲೈಟಲ್ಲ ಅಂತ?" ಅಂದರು ಬಾಯಾರು.

"ಆಕಿಗೆ ಗೊತ್ತೈತ್ರಿ" ಅಂದೆ.

ಮೊದಲ ಗೇರಿನಲ್ಲಿ, ಎಂಜಿನ್ ತಾನಾಗಿ ಎಳೆಯುವಷ್ಟು ನಿಧಾನಕ್ಕೆ, ಆಕೆಯ ಹಿಂದೆ ಹೊರಟೆ. ತೊಯ್ದ ಕಂಬಳಿ ಭಾರವಾಗಿ ಕೈ ಇಳಿದಾಗಲೆಲ್ಲ ಮತ್ತೆ ಎತ್ತಿ ಹಿಡಿಯುತ್ತಿದ್ದಳು. ನನ್ನ ಬೆಳಕಿನಲ್ಲಿ ಕೆಸರು ಮೆತ್ತಿದ ಆಕೆಯ ಹಿಮ್ಮಡಿಗಳಷ್ಟೇ ಕಾಣುತ್ತಿದ್ದವು. ಅವು ಬಿದ್ದಲ್ಲಿ ಗಾಲಿ ಇಡುತ್ತ ಹೋದೆ. ಹಟ್ಟಿ ಮುಟ್ಟಿ ನಾನು ಲೈಟು ಆರಿಸುವವರೆಗೂ ಆಕೆ ಆ ಕೈಗಳನ್ನು ಇಳಿಸಲಿಲ್ಲ.